ಶಾಗ್ಯದ ಮಡಿಲಕ್ಕಿ

ಕೋಮಲಾ ಮೇಡಂಗೆ ಹಳ್ಳಿ ಶಾಲೆಗಳಲ್ಲಿ ಸಿಗುತ್ತಿದ್ದ ಶಾಲು, ಹಾರ, ಹಣ್ಣಿನ ಬುಟ್ಟಿಗಳಲ್ಲಿ ಒಂದೂ ಅವಳ ಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ಕೊಳ್ಳೇಗಾಲದ ಕಾಲೇಜೊಂದರಲ್ಲಿ ಅವಳು ಫಿಸಿಕ್ಸ್ ಪ್ರಾಧ್ಯಾಪಕಿ. ವಾರವೆಲ್ಲ ಪಾಠ, ಪ್ರಾಕ್ಟಿಕಲ್, ಇಂಟರ್ನಲ್ ಅಂಕ, ಮೇಲಿನವರು ಕೇಳಿದ ವರದಿಯನ್ನೇ ಮತ್ತೆ ಕೇಳಿದಾಗ ಮತ್ತೆ ಕಳಿಸುವುದು, ಇದರಲ್ಲೇ ತೇಯುತ್ತಿದ್ದಳು. ಶನಿವಾರ ಬಂತೆಂದರೆ ಟೆಲಿಸ್ಕೋಪನ್ನು ಬಾಡಿಗೆ ಜೀಪಿಗೆ ಹಾಕಿಕೊಂಡು ಹನೂರು ಕಡೆಯ ಶಾಲೆಗಳಿಗೆ ಹೊರಟುಬಿಡುತ್ತಿದ್ದಳು. ಅಲ್ಲಿ ಸಿಕ್ಕ ಸನ್ಮಾನವನ್ನೆಲ್ಲ ವಾಪಸು ಬಂದು ಟೆಲಿಸ್ಕೋಪ್ ಇಳಿಸುವಾಗ ಲ್ಯಾಬಿನ ಅಟೆಂಡರ್ ಚಿಕ್ಕಬಸಮ್ಮನ ಕೈಗೆ ಕೊಟ್ಟು ಮನೆಗೆ ಬರುವುದು ಅಭ್ಯಾಸ. ಒಳ್ಳೆಯ ಅಭ್ಯಾಸವೇ, ಯಾರೂ ತಪ್ಪು ಹೇಳುವಂಥದ್ದಲ್ಲ. ಆ ಜುಲೈ ತಿಂಗಳಲ್ಲಿ ಅದೇ ಅಭ್ಯಾಸ ಮನೆಯ ಒಲೆಯನ್ನು ಎರಡು ಮಾಡಿತು.

ನಡೆದದ್ದಿಷ್ಟು. ಶಾಗ್ಯದ ಶಾಲೆಯಲ್ಲಿ ಮಕ್ಕಳಿಗೆ ಸೂರ್ಯನ ಮೇಲಿನ ಕಪ್ಪು ಕಲೆಗಳನ್ನು ತೋರಿಸಿ ಮುಗಿಸುವಷ್ಟರಲ್ಲಿ ಊಟದ ಹೊತ್ತು ಮೀರಿತ್ತು. ಹೆಡ್‌ಮಾಸ್ಟರು, "ಅಧ್ಯಕ್ಷರ ಮನೇಲಿ ಎಲೆ ಹಾಕವ್ರೆ, ಬನ್ನಿ ಮೇಡಂ" ಎಂದು ಎದುರಿನ ಮನೆಗೆ ಕರೆದೊಯ್ದರು. ಶಾಲಾ ಸಮಿತಿಯ ಅಧ್ಯಕ್ಷರು ಕಣ್ಣು ತೋರಿಸಲು ಹನೂರಿಗೆ ಹೋಗಿದ್ದರು. ಅವರ ಹೆಂಡತಿ, ತಲೆಯೆಲ್ಲ ನರೆತ ಹೆಂಗಸು, ಮುದ್ದೆ, ಹುರುಳಿಕಟ್ಟಿನ ಸಾರು ಬಡಿಸಿ ಕೋಮಲಳ ಮುಂದೆಯೇ ಕುಳಿತರು.

"ಅತ್ತೆ ಚೆನ್ನಾಗವ್ರಾ ತಾಯಿ?"

"ಚೆನ್ನಾಗಿದ್ದಾರೆ."

"ಮಂಡಿ ನೋವು?"

"ಇದೆ, ಪರವಾಗಿಲ್ಲ."

ಹಳ್ಳಿಯಲ್ಲಿ ಎಲ್ಲರೂ ಅತ್ತೆಯನ್ನು ಕೇಳುತ್ತಾರೆ, ಎಲ್ಲರ ಅತ್ತೆಗೂ ಮಂಡಿ ನೋವಿರುತ್ತದೆ. ಕೋಮಲಳ ಮನಸ್ಸು ಬಿಸಿಲಿನಲ್ಲಿ ಬಿಟ್ಟುಬಂದಿದ್ದ ಟೆಲಿಸ್ಕೋಪಿನ ಮೇಲಿತ್ತು. ಹೊರಡುವಾಗ ಆ ತಾಯಿ ಅವಳನ್ನು ನಿಲ್ಲಿಸಿ ಕುಂಕುಮ ಇಟ್ಟು, ಸೆರಗು ಒಡ್ಡಿಸಿ ಅಕ್ಕಿ, ಬೆಲ್ಲ, ತೆಂಗಿನಕಾಯಿ, ವೀಳ್ಯದೆಲೆ, ರವಿಕೆ ಕಣ ತುಂಬಿದರು. ತುಂಬಿ ಮುಗಿದ ಮೇಲೂ ಇನ್ನೊಂದು ಹಿಡಿ, ಮತ್ತೊಂದು ಹಿಡಿ ಎಂದು ಅಕ್ಕಿ ಹಾಕುತ್ತಲೇ ಇದ್ದರು. ವಯಸ್ಸಾಗಿದೆ ಪಾಪ ಅಂದುಕೊಂಡಳು ಕೋಮಲ. ಸಂಜೆ ಆ ಗಂಟು ಎಂದಿನಂತೆ ಚಿಕ್ಕಬಸಮ್ಮನ ಕೈ ಸೇರಿತು.

ಇದಾಗಿ ಎರಡು ವಾರಕ್ಕೆ ರಾತ್ರಿ ಊಟದಲ್ಲಿ ಮಾತು ಬಂತು. ಕೋಮಲಳ ಗಂಡ ಶಿವಕುಮಾರಸ್ವಾಮಿಗೆ ಬಸ್ ಸ್ಟ್ಯಾಂಡಿನ ಹತ್ತಿರ ಡ್ರಿಪ್ ಪೈಪು, ಮೋಟಾರು ಮಾರುವ ಅಂಗಡಿ. ಹನೂರು ಕಡೆಯ ಸುದ್ದಿಯೆಲ್ಲ ಮೊದಲು ಬಂದು ಇಳಿಯುವುದು ಅಲ್ಲಿ.

"ಇವತ್ತು ಶಾಗ್ಯದ ಕೆಂಚಯ್ಯ ಬಂದಿದ್ದ," ಎಂದ ಅವನು, ತಟ್ಟೆಯನ್ನೇ ನೋಡುತ್ತ. "ಮೇಡಂನೋರಿಗೆ ನಿಮ್ಮ ಸೋದರಮಾವನ ಮನೇಲಿ ಮಡ್ಲು ತುಂಬುದ್ರಂತೆ, ನಿಮ್ ಕಡೆಯಿಂದ ಒಂದ್ ಮಾತೂ ಬರ್ನಿಲ್ವಂತಲ್ಲ ಅಂದ. ನಂಗೆ ಏನ್ ಹೇಳ್ಬೇಕೋ ಗೊತ್ತಾಗ್ಲಿಲ್ಲ."

ಅವನ ತಾಯಿ ಚನ್ನಾಜಮ್ಮನವರ ಕೈಯಲ್ಲಿದ್ದ ಮುದ್ದೆಯ ತುತ್ತು ಅಲ್ಲೇ ನಿಂತಿತು. "ಯಾವ ಮನೇಲಿ?" ಎಂದು ಸೊಸೆಯತ್ತ ತಿರುಗಿದರು.

"ಸ್ಕೂಲ್ ಎದುರು ಮನೆ ಅತ್ತೆ. ಅಧ್ಯಕ್ಷರ ಮನೆ ಅಂದ್ರು. ಮುಂದೆ ಹೊಂಗೆ ಮರ, ನೀಲಿ ಬಾಗಿಲು..."

"ನೀಲಿ ಬಣ್ಣ ಹೊಡ್ಸವ್ರಾ?" ಎಂದರು ಚನ್ನಾಜಮ್ಮ. ತುತ್ತನ್ನು ತಟ್ಟೆಗೆ ಇಳಿಸಿದರು.

"ಮಡ್ಲಕ್ಕಿ ಎಲ್ಲಿ ಕೋಮಲಾ?"

ಕೋಮಲ ಸುಳ್ಳು ಹೇಳಲು ಕಲಿತವಳಲ್ಲ. ಆ ಹೊತ್ತಿಗೆ ಕಲಿತಿದ್ದರೆ ಚೆನ್ನಾಗಿತ್ತು. "ಚಿಕ್ಕಬಸಮ್ಮನಿಗೆ ಕೊಟ್ಟುಬಿಟ್ಟೆ ಅತ್ತೆ. ಯಾರ ಮನೆ ಅಂತ ಗೊತ್ತಿರಲಿಲ್ಲ."

"ಶಾಗ್ಯ ನನ್ ತವ್ರು ಅಂತ ಗೊತ್ತಿತ್ತಾ ಇಲ್ವಾ?"

"ಗೊತ್ತಿತ್ತು."

"ಆ ಊರಿಗ್ ಓಗಿದ್ದೋಳು ಯಾರ್ ಮನೆ ಅಂತ ಒಂದ್ ಮಾತು ಕೇಳ್ಬಾರ್ದಾ? ಆಕಾಸದಲ್ಲಿರೋದೆಲ್ಲ ಲೆಕ್ಕ ಇಕ್ಕತೀಯ, ಉಂಡ ಮನೆ ಯಾರ್ದು ಅಂತ ಗೊತ್ತಿಲ್ಲ! ಅದು ನಿಂಗೆ ತುಂಬಿದ ಮಡ್ಲಲ್ಲ ಕಣವ್ವ. ನಂಗೆ ತುಂಬಿದ್ದು. ನಾನು ಎದ್ರುಗಿರ್ನಿಲ್ಲ, ನಿನ್ ಸೆರಗಿಗೆ ಸುರುದ್ರು, ಅಷ್ಟೇಯ."

"ಅವ್ವ, ಉಣ್ಣು ಮೊದ್ಲು," ಎಂದ ಶಿವಕುಮಾರಸ್ವಾಮಿ.

"ನೀನ್ ಉಣ್ಣಪ್ಪ. ನಿನ್ ಮದ್ವೆಯಿಂದ ತಪ್ಪೋದ ತವ್ರು ಅದು."

ಅದು ನಿಜ. ಚನ್ನಾಜಮ್ಮನವರ ತಮ್ಮ ಮಾದಸ್ವಾಮಿ ತನ್ನ ಮಗಳನ್ನು ಅಕ್ಕನ ಮಗನಿಗೇ ಕೊಡುವುದೆಂದು ಅವಳು ತೊಟ್ಟಿಲಲ್ಲಿದ್ದಾಗಲೇ ಅಂದುಕೊಂಡಿದ್ದರು. ಶಿವಕುಮಾರಸ್ವಾಮಿ ಎಂ.ಎಸ್ಸಿ. ಓದಿದ ಕೋಮಲಳನ್ನು ಒಪ್ಪಿ ಬಂದ. ಮಾದಸ್ವಾಮಿ ಮದುವೆಗೆ ಬರಲಿಲ್ಲ, ಮನೆಯವರನ್ನೂ ಕಳಿಸಲಿಲ್ಲ. ಆ ವರ್ಷದಿಂದ ಗೌರಿ ಹಬ್ಬಕ್ಕೆ ಅಕ್ಕನನ್ನು ಕರೆಯುವುದೂ ನಿಂತಿತು. ಚನ್ನಾಜಮ್ಮನವರ ಗಂಡ ಗುರುಪಾದಸ್ವಾಮಿ ತೀರಿಕೊಂಡಾಗ ಮಾತ್ರ ಬಂದು, ಹೂವು ಹಾಕಿ, ನೀರೂ ಕುಡಿಯದೆ ಹೊರಟುಹೋಗಿದ್ದರು. ಕರೆಯದೆ ತವರಿಗೆ ಹೋಗುವ ಹೆಣ್ಣು ಚನ್ನಾಜಮ್ಮ ಅಲ್ಲ. ಇಪ್ಪತ್ತು ವರ್ಷದಿಂದ ಪ್ರತಿ ಹಬ್ಬದ ಹಿಂದಿನ ವಾರ ಜಗಲಿಯ ಮೇಲೆ ಕುಳಿತು ಹನೂರಿನ ಬಸ್ಸು ಬರುವ ಹೊತ್ತಿಗೆ ರಸ್ತೆ ನೋಡುತ್ತಿದ್ದರು. ಕೇಳಿದರೆ ತರಕಾರಿಯವನಿಗೆ ಕಾಯುತ್ತಿದ್ದೇನೆ ಅನ್ನುತ್ತಿದ್ದರು.

ಈಗ ಕರೆಯ ಮೊದಲ ಮಾತೇ ಮಡಿಲಕ್ಕಿಯಾಗಿ ಬಂದಿತ್ತು. ಅದು ಚಿಕ್ಕಬಸಮ್ಮನ ಮನೆಯಲ್ಲಿ ಬೆಂದುಹೋಗಿತ್ತು.

ಮರುದಿನ ಕೋಮಲ ಕಾಲೇಜಿಗೆ ಹೋದವಳೇ ಚಿಕ್ಕಬಸಮ್ಮನನ್ನು ಹುಡುಕಿದಳು. ಅವಳು ಸ್ಪೆಕ್ಟ್ರೋಮೀಟರುಗಳ ದೂಳು ಒರೆಸುತ್ತಿದ್ದಳು.

"ಆ ಅಕ್ಕಿ ಏನಾದ್ರೂ ಉಳಿದಿದೆಯಾ?"

"ಎಲ್ಲುಳದದು ಮೇಡಂ, ಅವತ್ತೇ ಪೊಂಗಲ್ ಮಾಡ್ದೆ. ಹಳೇ ಅಕ್ಕಿ, ಒಳ್ಳೆ ಗಮಲು. ಯಾಕ್ ಮೇಡಂ, ಬೇಕಿತ್ತಾ?"

"ಇಲ್ಲ ಬಿಡು," ಎಂದು ಕೋಮಲ ಬಿ.ಎಸ್ಸಿ. ಎರಡನೇ ವರ್ಷದ ಕ್ಲಾಸಿಗೆ ಹೋದಳು. ಆ ಕ್ಲಾಸಿನಲ್ಲಿ ಅವಳ ಮಗಳು ದೀಪಳೂ ಇದ್ದಳು. ಕಾಲೇಜಿನಲ್ಲಿ ಅವಳು ತಾಯಿಯನ್ನು ಮೇಡಂ ಅನ್ನಬೇಕು, ಗೇಟು ದಾಟಿದರೆ ಅಮ್ಮ. ಅಂದು ಬೋರ್ಡಿನ ಮೇಲೆ ಎರಡು ಸಲ ತಪ್ಪು ಬರೆದ ಮೇಡಂ ಅನ್ನು ಕಂಡು ದೀಪಳಿಗೆ ಎದ್ದು ಹೋಗಿ ಅಮ್ಮ ಅನ್ನಬೇಕೆನಿಸಿತು.

ಮನೆಯಲ್ಲಿ ಚನ್ನಾಜಮ್ಮ ಹಿತ್ತಲಿನ ಸೌದೆ ಒಲೆಯನ್ನು ಸಾರಿಸಿ ತಮ್ಮ ಪಾಡಿಗೆ ಬೇಯಿಸಿಕೊಳ್ಳತೊಡಗಿದರು. ಒಂದು ಹೊತ್ತು ಗಂಜಿ, ಒಂದು ಹೊತ್ತು ಮುದ್ದೆ, ಉಪ್ಸಾರು. ಸೊಸೆ ಮಾಡಿದ್ದನ್ನು ಮುಟ್ಟುತ್ತಿರಲಿಲ್ಲ. ಮೊಮ್ಮಗಳಿಗೆ ಮಾತ್ರ ಹಿತ್ತಲ ಬಾಗಿಲಲ್ಲಿ ಉಪ್ಸಾರಿನ ಖಾರ ಸಿಗುತ್ತಿತ್ತು. ದೀಪ ಎರಡೂ ಒಲೆಯ ಊಟ ಉಂಡು ದಪ್ಪಗಾಗುತ್ತಿದ್ದೇನೆ ಎಂದು ಗೊಣಗಿದಳು. ಯಾರೂ ನಗಲಿಲ್ಲ.

"ನಾನೇ ಶಾಗ್ಯಕ್ಕೆ ಫೋನ್ ಮಾಡ್ತೀನಿ ಅತ್ತೆ. ತಪ್ಪಾಯ್ತು ಅಂತೀನಿ," ಎಂದು ಕೋಮಲ ಒಂದು ದಿನ ಹಿತ್ತಲಿಗೆ ಹೋಗಿ ಹೇಳಿದಳು.

"ಏನಂತ ಯೋಳ್ತೀಯ? ನೀವ್ ತುಂಬಿದ ಮಡ್ಲ ಕಸ ಗುಡ್ಸೋರಿಗೆ ಕೊಟ್ಟೆ ಅಂತನಾ? ಬಾಯ್ಮುಚ್ಕಂಡಿರು. ಇರೋ ಮಾನನಾದ್ರೂ ಇರ್ಲಿ."

"ಮಾವನೇ ಯಾಕೆ ಫೋನ್ ಮಾಡಬಾರದು ಅಂತ?" ಎಂದ ಶಿವಕುಮಾರಸ್ವಾಮಿ ಹಿಂದಿನಿಂದ.

"ಮಡ್ಲು ತುಂಬಿ ಕಳ್ಸಿದ್ಮೇಲೆ ಮಾತು ಓಗ್ಬೇಕಾದ್ದು ನಮ್ ಕಡೆಯಿಂದ. ಅದೂ ಗೊತ್ತಿಲ್ವಾ ನಿಂಗೆ? ಪೈಪು ಮಾರ್ಕಂಡಿರು."

"ಹಂಗಾದ್ರೆ ನೀನೇ ಮಾಡವ್ವ."

"ನಾನು ಫೋನ್ ಮಾಡಿ, ಕರೀರಪ್ಪ ನನ್ನ ಅಂತ ಬೇಡ್ಲಾ?"

ಚನ್ನಾಜಮ್ಮ ಒಲೆಗೆ ಇನ್ನೊಂದು ಸೌದೆ ತುರುಕಿದರು.

ಆಗಸ್ಟ್ ಮೊದಲ ವಾರ ಕೋಮಲ ತಿರುವನಂತಪುರಕ್ಕೆ ಕಾನ್ಫರೆನ್ಸಿಗೆ ಹೋಗಬೇಕಿತ್ತು. ಹಳ್ಳಿ ಶಾಲೆಯ ಮಕ್ಕಳಿಂದ ನೆರಳು ಅಳೆಸುವುದು ಹೇಗೆ ಎಂಬ ಬಗ್ಗೆ ಅವಳ ಪ್ರಬಂಧ. ಹೊರಡುವ ಬೆಳಿಗ್ಗೆ ಅತ್ತೆಗೆ ನಮಸ್ಕಾರ ಮಾಡಲು ಬಗ್ಗಿದಳು. ಚನ್ನಾಜಮ್ಮ ಕಾಲು ಹಿಂದೆಳೆದುಕೊಳ್ಳಲಿಲ್ಲ, ತಲೆ ಮೇಲೆ ಕೈಯನ್ನೂ ಇಡಲಿಲ್ಲ.

ಅಲ್ಲಿ ಅವಳ ಪ್ರಬಂಧಕ್ಕೆ ಜನ ಚಪ್ಪಾಳೆ ತಟ್ಟಿದರು. ಊಟದ ಸಾಲಿನಲ್ಲಿ ಮೈಸೂರಿನಲ್ಲಿ ಅವಳಿಗೆ ಪಿಎಚ್.ಡಿ. ಮಾಡಿಸಿದ್ದ ಮೇಷ್ಟ್ರು ಸಿಕ್ಕಿದರು. ಈಗ ನಿವೃತ್ತರು.

"ಮಕ್ಕಳ ಕೆಲಸ ಚೆನ್ನಾಗಿದೆಯಮ್ಮ. ನೀನು ಪಿಎಚ್.ಡಿ.ಗೆ ಮಾಡಿದ ತೆಳು ಪದರಗಳ ಸಂಶೋಧನೆ? ಬಿಟ್ಟೇ ಬಿಟ್ಟೆಯಾ?"

"ನಮ್ಮಲ್ಲಿ ಯಂತ್ರ ಇಲ್ಲ ಸರ್."

"ಮೈಸೂರಿಗೆ ಬಂದು ಮಾಡಬಹುದಿತ್ತಲ್ಲ. ಯಾಕೆ ಬರಲಿಲ್ಲ?"

"ನೀವು ಬಾ ಅಂತ ಒಂದು ಸಲ ಅನ್ನಲಿಲ್ಲವಲ್ಲ ಸರ್," ಎಂದಳು. ನಗುತ್ತಲೇ ಅಂದದ್ದು. ಆದರೆ ಅಂದ ಮೇಲೆ ಖಾಲಿ ತಟ್ಟೆಯನ್ನು ಹಾಗೇ ಇಟ್ಟು ಸಾಲು ಬಿಟ್ಟು ಬಂದಳು. ಎಷ್ಟು ವರ್ಷ ಆ ಲ್ಯಾಬಿನಿಂದ ಒಂದು ಫೋನ್ ಬರಬಹುದೆಂದು ಕಾದಿದ್ದಳು ಎಂಬುದು ಅವಳೊಬ್ಬಳಿಗೇ ಗೊತ್ತು. ಹಿತ್ತಲ ಒಲೆಯ ಮುಂದೆ ಕುಳಿತ ಅತ್ತೆ ಅವಳಿಗೆ ಆವತ್ತು ಅರ್ಥವಾದಷ್ಟು ಯಾವತ್ತೂ ಆಗಿರಲಿಲ್ಲ.

ಸಂಜೆ ಮನೆಗೆ ಫೋನ್ ಮಾಡಿದಳು. ದೀಪ ಎತ್ತಿಕೊಂಡಳು.

"ಅಜ್ಜಿ ಉಂಡ್ರಾ?"

"ಗಂಜಿ ಕುಡಿದ್ರು. ಅಮ್ಮ, ನಿನ್ನೆ ಶಾಗ್ಯದ ಮನೆ ಬಾಗಿಲು ಎಂಥ ನೀಲಿ ಅಂತ ನನ್ನನ್ನ ಕೇಳ್ತಿದ್ರು. ಆಕಾಶದ್ದಾ, ಸ್ಕೂಲ್ ಯೂನಿಫಾರಂದಾ ಅಂತ. ನಾನೆಲ್ಲಿ ನೋಡಿದೀನಿ?"

"ನಾನೂ ಸರಿಯಾಗಿ ನೋಡಲಿಲ್ಲ ಕಣೇ," ಎಂದು ಕೋಮಲ ಫೋನಿನಲ್ಲೇ ಅತ್ತಳು.

ಊರಿಗೆ ಮರಳಿದವಳು ಮೊದಲು ಮಾಡಿದ್ದು ಆಗಸ್ಟ್ ಇಪ್ಪತ್ತರ ಆಚೀಚೆ ಬರುವ ನೆರಳಿಲ್ಲದ ಮಧ್ಯಾಹ್ನಕ್ಕೆ ಯಾರು ಯಾವ ಶಾಲೆಗೆ ಎಂದು ಗೊತ್ತು ಮಾಡಿದ್ದು. ನಮ್ಮ ಕಡೆ ವರ್ಷಕ್ಕೆ ಎರಡು ಸಲ ಸೂರ್ಯ ನಡುನೆತ್ತಿಗೆ ಬರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿನ ನೆರಳು ಅದರ ಬುಡದಲ್ಲೇ ಅಡಗುತ್ತದೆ. ಏಪ್ರಿಲಿನದು ಬೇಸಿಗೆ ರಜೆಗೆ ಸಿಕ್ಕಿಹೋಗುತ್ತದೆ, ಮಕ್ಕಳಿಗೆ ಸಿಗುವುದು ಆಗಸ್ಟಿನದೇ. ಯಳಂದೂರಿನ ಶಾಲೆಗೆ ಕೋಮಲ, ಹನೂರಿಗೆ ಹುಡುಗರ ತಂಡ, ಶಾಗ್ಯಕ್ಕೆ ದೀಪ ಮತ್ತು ಅವಳ ಇಬ್ಬರು ಗೆಳತಿಯರು. ಅವರ ಜೊತೆ ಹೋಗಬೇಕಿದ್ದ ಅತಿಥಿ ಉಪನ್ಯಾಸಕಿ ಹಿಂದಿನ ದಿನ ಜ್ವರವೆಂದು ಮಲಗಿಬಿಟ್ಟಳು.

"ದೊಡ್ಡೋರು ಯಾರೂ ಇಲ್ದೆ ಹುಡುಗೀರನ್ನ ಕಳಿಸೋಕಾಗಲ್ಲ. ಶಾಗ್ಯ ಬಿಟ್ಟುಬಿಡೋಣ," ಎಂದಳು ಕೋಮಲ, ಊಟಕ್ಕೆ ಬಡಿಸುತ್ತ. ಹಿತ್ತಲ ಬಾಗಿಲು ತೆರೆದೇ ಇತ್ತು.

"ಅಜ್ಜಿ ಬರಲಿ," ಎಂದಳು ದೀಪ.

"ಕರೀದೆ ತವ್ರಿಗೆ ಓಗೋಳಲ್ಲ ನಾನು," ಎಂದಿತು ಹಿತ್ತಲು.

"ತವರಿಗ್ಯಾರು ಕರೆದ್ರು ಅಜ್ಜಿ? ಸ್ಕೂಲಿಗೆ. ಮೂವರು ಹುಡುಗೀರ್ನ ಕಾಯೋಕೆ."

"ನಾನೇನ್ ಕಾಲೇಜ್ ಮೇಡಮ್ಮಾ?"

"ಟೋಪಿ ಕೊಡ್ತೀವಿ. ಟೋಪಿ ಹಾಕ್ಕೊಂಡ್ರೆ ನೀವೂ ಕಾಲೇಜಿನೋರೇ."

ಹಿತ್ತಲಿನಲ್ಲಿ ಪಾತ್ರೆ ಉಜ್ಜುವ ಸದ್ದು ಶುರುವಾಯಿತು. ಶಿವಕುಮಾರಸ್ವಾಮಿ ಏನೋ ಹೇಳಲು ಬಾಯಿ ತೆರೆದ. ಕೋಮಲ ಕಣ್ಣಲ್ಲೇ ಗದರಿದಳು.

"ಆ ಮನೆ ಒಳಕ್ಕೆ ಕಾಲಿಕ್ಕಕಿಲ್ಲ ಮತ್ತೆ," ಎಂದರು ಚನ್ನಾಜಮ್ಮ ಕೊನೆಗೆ.

ಬೆಳಿಗ್ಗೆ ಅವರು ಉಟ್ಟಿದ್ದು ಮದುವೆ ಮುಂಜಿಗೆ ಉಡುವ ರೇಷ್ಮೆ ಸೀರೆ. ತಲೆಗೆ ಹೊದ್ದ ಅದರ ಸೆರಗಿನ ಮೇಲೆ ವಿಜ್ಞಾನ ಸಂಘದ ಬಿಳಿ ಟೋಪಿ. ದೀಪ ನಗು ತಡೆದುಕೊಳ್ಳಲು ಪಟ್ಟ ಪಾಡು ದೇವರಿಗೇ ಗೊತ್ತು. ಜೀಪು ಶಾಗ್ಯ ಮುಟ್ಟುವವರೆಗೂ ಅಜ್ಜಿ ಟೋಪಿಯನ್ನು ಸರಿಮಾಡಿಕೊಳ್ಳುತ್ತಲೇ ಇದ್ದರು. ಶಾಲೆಯ ಮುಂದೆ ಇಳಿದವರು ಎದುರು ಮನೆಯತ್ತ ಒಮ್ಮೆ ನೋಡಿ, "ಯೂನಿಫಾರಂ ನೀಲಿ," ಎಂದರು. ಬಾಗಿಲು ಅರ್ಧ ತೆರೆದಿತ್ತು. ಶಾಲೆಯ ಜಗಲಿಯಲ್ಲಿ ಹಾಕಿದ್ದ ಕುರ್ಚಿಯಲ್ಲಿ ಅದಕ್ಕೆ ಬೆನ್ನು ಮಾಡಿ ಕುಳಿತರು.

ಮಕ್ಕಳು ಅಂಗಳದಲ್ಲಿ ಕೋಲು ನೆಟ್ಟು ಗುಂಪುಗೂಡುವ ಹೊತ್ತಿಗೆ ಊರುಗೋಲು ತಡವಿಕೊಂಡು ಒಬ್ಬರು ಮುದುಕರು ಗೇಟು ದಾಟಿ ಬಂದರು. ಎರಡೂ ಕಣ್ಣಿಗೆ ಪೊರೆ. ಹೆಡ್‌ಮಾಸ್ಟರು ಅವರನ್ನು ಕೈಹಿಡಿದು ತಂದು ಪಕ್ಕದ ಕುರ್ಚಿಯಲ್ಲಿ ಕೂರಿಸಿ, "ಕಾಲೇಜಿನಿಂದ ಮೇಡಂ ಬಂದವ್ರೆ ಅಧ್ಯಕ್ಷರೇ" ಎಂದು ಮಕ್ಕಳ ಕಡೆ ಓಡಿದರು.

"ನಮಸ್ಕಾರ ಮೇಡಂ," ಎಂದರು ಮಾದಸ್ವಾಮಿ, ಬಿಳಿ ಟೋಪಿ ಕಂಡತ್ತ ಕೈಮುಗಿದು. "ಕೋಮಲಾ ಮೇಡಂನೋರು ಬರ್ನಿಲ್ವಾ?"

"ಅವರು ಯಳಂದೂರಿಗೆ ಹೋಗಿದ್ದಾರೆ," ಎಂದಳು ದೀಪ. ಇವರು ಯಾರೆಂದು ಅವಳಿಗೆ ಹೊಳೆಯಿತು. ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ ಅವಳ ಮುಂಗೈ ಹಿಡಿದು ಅದುಮಿದರು. ಗೆಳತಿಯರು ಅಂಗಳದಿಂದ ಕೂಗಿದ್ದರಿಂದ ಅವಳು ಹೋಗಲೇಬೇಕಾಯಿತು.

"ಆಯಮ್ಮ ನಮ್ಮಕ್ಕನ ಸೊಸೆ ಕಣ್ರಿ," ಎಂದರು ಮಾದಸ್ವಾಮಿ. ಹೊಸಬರ ಹತ್ತಿರ ಮಾತು ಸಲೀಸಾಗಿ ಬರುತ್ತದಲ್ಲ. "ನನ್ ಮಗಳ್ನ ಬುಟ್ಟು ಆಯಮ್ಮನ ತಂದ್ಕಂಡ್ರು ಅಂತ ನಾನು ಅಕ್ಕನ್ ಮನೆ ಬುಟ್ಟೆ. ಮಗಳು ಯಳಂದೂರಲ್ಲಿ ಗಂಡ ಮಕ್ಳು ಅಂತ ಚೆಂದಾಗವ್ಳೆ. ನನ್ ಹೆಸ್ರಲ್ಲಿ ಇನ್ನೂ ಯಾಕಪ್ಪ ಜಗಳ ಮಡಿಕಂಡಿದ್ದೀಯ ಅಂತ ಅವ್ಳೇ ಬಯ್ತಾಳೆ."

"ಹ್ಞೂಂ," ಎಂದರು ಚನ್ನಾಜಮ್ಮ.

"ನಮ್ಮಕ್ಕ ನನ್ನ ಎತ್ತಾಡ್ಸಿ ಸಾಕ್ದೋಳು. ಅವ್ವ ಬೇಗ ಓಗ್ಬುಟ್ಳು, ನಂಗೆ ಅಕ್ಕನೇ ಅವ್ವ."

"ಕರೀಬಾರ್ದಾ?" ಚನ್ನಾಜಮ್ಮನವರ ದನಿ ಅವರಿಗೇ ಕೇಳಿಸಿತೋ ಇಲ್ಲವೋ.

"ಮನೆಯವ್ಳು ಆಯಮ್ಮನ ಸೆರಗಿಗೆ ಮಡ್ಲು ತುಂಬ್ ಕಳ್ಸುದ್ಲು. ಒಂದ್ ಮಾತೂ ಬರ್ನಿಲ್ಲ. ಹಬ್ಬ ಬತ್ತಾ ಅದೆ, ಓಗಿ ಕರುದ್ಬುಡನ ಅಂತ ವರ್ಸಾ ವರ್ಸಾ ಅನ್ಕತೀನಿ. ಈಗಾದ್ರೆ, ಕರುದ್ರೆ ಬಂದಾಳು ಅನ್ಕಂಡಾದ್ರೂ ಇರ್ಬೋದು. ಓಗಿ ಕರ್ದು, ಬರಕಿಲ್ಲ ಅಂದ್ಬುಟ್ರೆ, ಆಮೇಲೆ ಏನ್ ಅನ್ಕಂಡ್ ಇರನ ಯೋಳಿ ಮೇಡಂ?"

ಅಂಗಳದಲ್ಲಿ ಮಕ್ಕಳು ಹೋ ಎಂದು ಕೂಗಿದರು. ನೆರಳು ಕೋಲಿನ ಬುಡ ಸೇರಿತ್ತು. ಚನ್ನಾಜಮ್ಮ ಅತ್ತ ನೋಡಲಿಲ್ಲ.

"ಕರ್ದು ನೋಡು ಮಾದಾ," ಎಂದರು.

ಊರುಗೋಲು ಕೆಳಗೆ ಬಿತ್ತು. ಮಾದಾ ಎಂದು ಅವರನ್ನು ಕರೆಯುವವರು ಆ ಊರಿನಲ್ಲಿ ಈಗ ಯಾರೂ ಇರಲಿಲ್ಲ. ಮಾದಸ್ವಾಮಿ ಕೈಚಾಚಿ ಟೋಪಿ ಮುಟ್ಟಿದರು, ಆಮೇಲೆ ಕೆನ್ನೆ ಮುಟ್ಟಿದರು. "ಅಕ್ಕಾ," ಎಂದು ಮಗುವಿನಂತೆ ಅತ್ತರು. ಚನ್ನಾಜಮ್ಮನೂ ಅತ್ತರು. ತುಸು ಹೊತ್ತಿನ ಮೇಲೆ ಮಾದಸ್ವಾಮಿ ಎದ್ದು ಅಕ್ಕನ ತೋಳು ಹಿಡಿದು ಎಳೆದರು.

"ಬಾ, ಮನೆಗ್ ಬಾ. ಮನೆಯವ್ಳು ಹೊಲಕ್ ಓಗವ್ಳೆ, ಕರುಸ್ತೀನಿ. ಬಾ ಅಕ್ಕ, ಏಳು."

ಚನ್ನಾಜಮ್ಮ ಎದ್ದರು. ತಮ್ಮನ ಕೈಹಿಡಿದು ಗೇಟಿನವರೆಗೂ ಬಂದರು. ಎದುರಿಗೆ ನೀಲಿ ಬಾಗಿಲು, ಹೊಂಗೆ ಮರ, ತಾವು ಆಡಿ ಬೆಳೆದ ಜಗಲಿ. ರಸ್ತೆ ದಾಟಿದರೆ ಸಾಕಿತ್ತು. ಅವರು ಅಲ್ಲೇ ನಿಂತರು.

"ಇಲ್ಲ ಕಣಪ್ಪ. ಇವತ್ತು ಬ್ಯಾಡ."

"ಇನ್ನೂ ಸಿಟ್ಟಾ?"

"ಸಿಟ್ಟಲ್ಲ. ಕೊಳ್ಳೇಗಾಲಕ್ ಬಂದು, ನನ್ ಮನೆ ಬಾಗಲಲ್ಲಿ ನಿಂತ್ಕಂಡು ಕರಿ. ನನ್ ಸೊಸೇನೂ ಕರಿ. ಅವ್ಳು ಬಂದ ವರ್ಸದಿಂದ ನಿಂತೋದ ಕರೆ ಇದು. ಅವ್ಳನ್ ಬುಟ್ಟು ನಾನೊಬ್ಳೇ ಈ ಮನೆಗ್ ನುಗ್ಗುದ್ರೆ, ತಪ್ಪೆಲ್ಲ ಅವ್ಳದೇ ಅಂತಾಯ್ತದೆ."

ಮಾದಸ್ವಾಮಿ ಅಕ್ಕನ ಕೈಯನ್ನು ಕಣ್ಣಿಗೆ ಒತ್ತಿಕೊಂಡರು. "ನಾಳೆ ಮೊದ್ಲ ಬಸ್ಸಿಗೆ ಬತ್ತೀನಿ," ಎಂದರು.

ಜೀಪು ಹೊರಟಿತು. ತಿರುವಿನಲ್ಲಿ ಮರೆಯಾಗುವವರೆಗೂ ಚನ್ನಾಜಮ್ಮ ಕತ್ತು ಹಿಂದಕ್ಕೆ ತಿರುಗಿಸಿಯೇ ಕುಳಿತಿದ್ದರು.

"ಒಂದು ನಿಮಿಷ ಒಳಗೆ ಹೋಗಿ ಬರಬಹುದಿತ್ತಲ್ಲ ಅಜ್ಜಿ," ಎಂದಳು ದೀಪ. ಅವಳ ಕಣ್ಣೂ ಒದ್ದೆಯಾಗಿತ್ತು. "ಅಷ್ಟು ಹತ್ರ ಬಂದು..."

"ಇಷ್ಟೊರ್ಸ ಇದ್ದೋಳು, ಒಂದ್ ರಾತ್ರಿ ಇರಕಾಗಕಿಲ್ವಾ?" ಎಂದರು ಚನ್ನಾಜಮ್ಮ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ. ಆಮೇಲೆ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಮೊಮ್ಮಗಳ ಕಡೆ ತಿರುಗಿದರು.

"ನಿಮ್ಮವ್ವನಿಗೆ ಫೋನ್ ಮಾಡ್ಮಗ. ನಾಳೆ ಕಾಲೇಜಿಗೆ ರಜ ಹಾಕು ಅನ್ನು. ಅವ್ಳನ್ನ ಕರಿಯಕ್ಕೆ ಜನ ಬತ್ತಾರೆ ಅನ್ನು."